ಮನೆಯದ್ದು ಕಳೆದು

ನಮ್ಮ ಲ್ಯಾಬಿನಲ್ಲಿ ಒಂದು ಮಾತಿದೆ: ‘ಮನೆಯದ್ದು’. ನೀರಿನ ಮಾದರಿಯನ್ನು ಯಂತ್ರದೊಳಕ್ಕೆ ಬಿಟ್ಟಾಗ ಪರದೆಯ ಮೇಲೆ ಬರುವ ಅಂಕಿಯೆಲ್ಲ ಆ ನೀರಿನದೇ ಆಗಿರುವುದಿಲ್ಲ. ಯಂತ್ರದ ಕೊಳವೆಗಳಿಂದ ಒಂದಿಷ್ಟು, ನೆಲಕ್ಕೆ ಹಚ್ಚುವ ಮೇಣದಿಂದ ಒಂದಿಷ್ಟು, ನಾವು ತೊಟ್ಟ ಬಟ್ಟೆಯಿಂದ ಒಂದಿಷ್ಟು ಸೇರಿರುತ್ತದೆ. ಅದೆಷ್ಟೆಂದು ತಿಳಿಯಲು, ಏನೂ ಇಲ್ಲದ ಶುದ್ಧ ನೀರನ್ನು ಒಂದು ಬಾಟಲಿಗೆ ತುಂಬಿ ಅದನ್ನೂ ಅಳೆಯುತ್ತೇವೆ. ಆ ಬಾಟಲಿಗೆ ‘ಖಾಲಿ’ ಎಂದು ಹೆಸರು. ಖಾಲಿಯಲ್ಲಿ ಬಂದ ಅಂಕಿಯೇ ಮನೆಯದ್ದು. ಊರಿನ ನೀರಿನ ಅಂಕಿಯಿಂದ ಮನೆಯದ್ದನ್ನು ಕಳೆದರೆ ಉಳಿಯುವುದು ನಿಜ.

ಆರು ವರ್ಷ ನಾನು ಹಾಗೆ ಕಳೆದೆ. ಕಳೆದು, ಕೆಳಗೆ ನನ್ನ ಹೆಸರಿನ ಮೊದಲಕ್ಷರಗಳನ್ನು ಬರೆದೆ.

ನನ್ನ ಹೆಸರು ತೋವೆ. ಸ್ಕಾರ್ರೆಬೈ ಬಂದರಿನ ಮೀನಿನ ಕಾರ್ಖಾನೆಯಲ್ಲಿ ನಲವತ್ತೊಂದನೇ ವಯಸ್ಸಿನವರೆಗೆ ಹೆರಿಂಗ್ ಮೀನು ಡಬ್ಬಿಗೆ ತುಂಬುತ್ತಿದ್ದವಳು. ನಾಲ್ಕು ಚಳಿಗಾಲ, ಮಂಗಳವಾರ ಮತ್ತು ಗುರುವಾರ, ಮೀನಿನ ವಾಸನೆಯ ಕೈಯಲ್ಲೇ ಸಂಜೆ ತರಗತಿಗೆ ಹೋಗಿ ರಸಾಯನಶಾಸ್ತ್ರ ಕಲಿತೆ. ಅದೇ ಊರಿನ ಈ ಲ್ಯಾಬಿಗೆ ಸೇರಿ ಹನ್ನೊಂದು ವರ್ಷವಾಯಿತು. ಸಂಜೆ ಕ್ಲಾಸಿನವಳು ಎಂದು ಅಲ್ಲಿ ಯಾರೂ ನನ್ನನ್ನು ಹೀಗಳೆದಿಲ್ಲ. ಅವರು ಅನ್ನುವ ಮೊದಲೇ ನಾನೇ ಅಂದುಕೊಳ್ಳುತ್ತೇನೆ.

ಆರು ವರ್ಷದಿಂದ ಕುಡಿಯುವ ನೀರಿನಲ್ಲಿ ಪಿಫಾಸ್ ಹುಡುಕುವುದು ನನ್ನ ಕೆಲಸ. ಮಳೆ ಕೋಟಿನಲ್ಲಿ, ತಳ ಹಿಡಿಯದ ಬಾಣಲೆಯಲ್ಲಿ, ಬೆಂಕಿ ಆರಿಸುವ ನೊರೆಯಲ್ಲಿ ಇರುವ ವಿಷ ಅದು. ಒಮ್ಮೆ ಮಣ್ಣಿಗಿಳಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕರಗುವುದಿಲ್ಲ. ನಾವು ಲೆಕ್ಕ ಹಾಕುವುದು ನ್ಯಾನೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಒಂದು ಲೀಟರಿನಲ್ಲಿ ಅಂಥ ಎರಡು ಪಾಲಿಗಿಂತ ಹೆಚ್ಚಿದ್ದರೆ ನಮ್ಮ ದೇಶದಲ್ಲಿ ಆ ನೀರನ್ನು ನಲ್ಲಿಗೆ ಬಿಡುವಂತಿಲ್ಲ. ಅಷ್ಟು ಸಣ್ಣದನ್ನು ಅಳೆಯುವಾಗ ಅಳೆಯುವವಳೇ ನೀರನ್ನು ಕೆಡಿಸಿಬಿಡಬಹುದು. ಹಾಗಾಗಿ ಮಾದರಿ ತರುವ ದಿನ ನಾನು ಕೈಗೆ ಕ್ರೀಮು ಹಚ್ಚುವುದಿಲ್ಲ. ಎಷ್ಟೇ ಮಳೆ ಬರಲಿ, ಮಳೆ ಕೋಟು ತೊಡುವುದಿಲ್ಲ. ಹಳೆಯ ಹತ್ತಿ ಸ್ವೆಟರಿನಲ್ಲೇ ನೆನೆದು ಬರುತ್ತೇನೆ. ಇಷ್ಟಾದರೂ ಖಾಲಿಯ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಮೊದಲ ವರ್ಷ ಸೊನ್ನೆ ಪಾಯಿಂಟ್ ಎರಡು. ಈ ವರ್ಷ ಆರು ಪಾಯಿಂಟ್ ಒಂದು. ತಪ್ಪು ನನ್ನದೇ ಇರಬೇಕೆಂದು ತುಟಿಗೆ ಹಚ್ಚುವ ಮುಲಾಮು ಬಿಟ್ಟೆ. ಸೋಪು ಬದಲಾಯಿಸಿದೆ. ಹೊಸ ಸ್ವೆಟರನ್ನು ಹತ್ತು ಸಲ ಒಗೆದೆ.

ಲ್ಯಾಬಿನ ವಿಜ್ಞಾನಿ ಆಸ್ಗರ್ ನನ್ನ ಗೋಳು ನೋಡಿ ನಕ್ಕಿದ್ದ. “ಯಂತ್ರಕ್ಕೂ ವಯಸ್ಸಾಗುತ್ತೆ ತೋವೆ. ಕೊಳವೆ ಸವೀತಾ ಬರುತ್ತೆ, ಮನೆಯದ್ದು ಏರ್ತಾ ಹೋಗುತ್ತೆ. ಅದಕ್ಕೇ ಅಲ್ವಾ ಕಳೆಯೋದು? ನೀನು ತುಟಿ ಒಡ್ಕೊಂಡು ಓಡಾಡ್ಬೇಡ.”

ಅವನು ಡಾಕ್ಟರೇಟ್ ಮಾಡಿದವನು. ನಾನು ಕಳೆಯುತ್ತಾ ಹೋದೆ.

ಏಪ್ರಿಲ್ ತಿಂಗಳ ಒಂದು ಸೋಮವಾರ ನನ್ನ ಅಕ್ಕನ ಮಗಳು ಸಿಸೆಲ್ ಫೋನ್ ಮಾಡಿದಳು. ಅಕ್ಕ ತೀರಿಕೊಂಡ ಮೇಲೆ ಅವಳಿಗೆ ತಾಯಿಯ ಕಡೆಯಿಂದ ಇರುವವಳು ನಾನೊಬ್ಬಳೇ. ಅವಳ ಮನೆ ಹಳೆಯ ವಿಮಾನ ನಿಲ್ದಾಣದ ಬೇಲಿಯ ಪಕ್ಕದಲ್ಲಿದೆ. ಅಗ್ನಿಶಾಮಕದವರು ಇಪ್ಪತ್ತು ವರ್ಷ ಅಲ್ಲಿ ನೊರೆ ಚಿಮ್ಮಿಸಿ ಅಭ್ಯಾಸ ಮಾಡಿದ್ದರು. ಊರ ಬಾವಿಗಳಿರುವುದೂ ಅದೇ ದಿಕ್ಕಿನಲ್ಲಿ. ಕಳೆದ ವರ್ಷ ಗರ್ಭಿಣಿಯಾದಾಗ ಅವಳು ಕೇಳಿದ್ದಳು, “ಚಿಕ್ಕಮ್ಮ, ನಲ್ಲಿ ನೀರು ಕುಡೀಬಹುದಾ?” ಎಂದು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ್ದೆ: “ಧಾರಾಳವಾಗಿ ಕುಡಿ. ನಾನೇ ಅಳೆದಿದ್ದೀನಿ.”

ಈಗ ಮಗು ಲಿವಾಳಿಗೆ ನಾಲ್ಕು ತಿಂಗಳು. ಆಸ್ಪತ್ರೆಯವರು ಯಾವುದೋ ಅಧ್ಯಯನಕ್ಕೆಂದು ಬಾಣಂತಿಯರ ರಕ್ತ ತೆಗೆದುಕೊಂಡು ಹೋಗಿದ್ದರು. ಅದರ ಕಾಗದ ಬಂದಿತ್ತು.

“ಬೇರೆ ಊರಿನವರಿಗಿಂತ ಐದು ಪಟ್ಟು ಜಾಸ್ತಿ ಪಿಫಾಸ್ ಇದೆಯಂತೆ ನನ್ನ ರಕ್ತದಲ್ಲಿ,” ಎಂದಳು. “ಎಲ್ಲಿಂದ ಬಂತು ಇದು? ಮೀನಿಂದಾನಾ? ಮೊಟ್ಟೆಯಿಂದಾನಾ?”

“ಅಂಗಳದ ಮಣ್ಣು ಕೆದಕಿ ತಿನ್ನೋಕೆ ನಿಮ್ಮನೇಲಿ ಕೋಳಿ ಇಲ್ವಲ್ಲ.”

“ಇಲ್ಲ. ಮೀನು ಕಂಡ್ರೆ ನಂಗಾಗಲ್ಲ, ಗೊತ್ತಲ್ಲ. ನೀರು ಅಂತೂ ಅಲ್ಲ, ನೀನು ಹೇಳಿದ್ದೀಯ.”

ಕೊನೆಯ ಮಾತನ್ನು ಅವಳು ಪ್ರಶ್ನೆಯಂತೆ ಕೇಳಲಿಲ್ಲ. ನಂಬಿ ಹೇಳಿದಳು.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸ್ಕಾರ್ರೆಬೈ ನೀರಿನ ವರದಿಗಳನ್ನು ತೆಗೆದೆ. ಮೂರು ತಿಂಗಳಿಗೊಂದರಂತೆ ಆರು ವರ್ಷಕ್ಕೆ ಇಪ್ಪತ್ತನಾಲ್ಕು. ಎಲ್ಲದರಲ್ಲೂ ಒಂದರ ಆಸುಪಾಸು. ಮೊದಲಿನದು ಸೊನ್ನೆ ಪಾಯಿಂಟ್ ಒಂಬತ್ತು; ಈ ಶುಕ್ರವಾರ ಹೋಗಬೇಕಿದ್ದ, ನಾನಿನ್ನೂ ಅಕ್ಷರ ಹಾಕದ ಹೊಸದರಲ್ಲಿ ಒಂದು ಪಾಯಿಂಟ್ ಮೂರು. ಎರಡನ್ನು ಒಮ್ಮೆಯೂ ದಾಟಿಲ್ಲ. ಸಮಾಧಾನವಾಗಬೇಕಿತ್ತು. ಆಗದೆ, ಕಳೆಯುವ ಮೊದಲಿನ ಅಂಕಿಗಳನ್ನು ತೆಗೆದು ನೋಡಿದೆ. ಅವು ಯಂತ್ರದ ಹೊಟ್ಟೆಯಲ್ಲೇ ಇರುತ್ತವೆ, ವರದಿಗೆ ಬರುವುದಿಲ್ಲ. ಮೊದಲ ವರ್ಷ ಊರಿನ ನೀರು ಒಂದು ಪಾಯಿಂಟ್ ಒಂದು. ಮೂರನೇ ವರ್ಷ ಮೂರೂವರೆ. ಈಗ ಏಳು ಪಾಯಿಂಟ್ ನಾಲ್ಕು. ಊರಿನ ನೀರೂ ಖಾಲಿಯೂ ಕೈ ಕೈ ಹಿಡಿದುಕೊಂಡು ಒಂದೇ ಮೆಟ್ಟಿಲು ಹತ್ತಿಕೊಂಡು ಬಂದಿದ್ದವು.

ಮನೆಯದ್ದು ಏರಿದರೆ ಎಲ್ಲ ಅಂಕಿಗಳೂ ಏರಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲವೂ ಅಂದರೆ ಎಲ್ಲವೂ. ಹಾಗೆ ಅಂದುಕೊಂಡೇ ಹ್ಯೋರ್ನೋ ದ್ವೀಪದ ಕಡತ ತೆಗೆದೆ.

ಹ್ಯೋರ್ನೋದಿಂದ ದೋಣಿಯಲ್ಲಿ ನೀರಿನ ಬಾಟಲಿಗಳ ನೀಲಿ ಪೆಟ್ಟಿಗೆ ಬರುತ್ತದೆ. ಅಲ್ಲಿ ನೊರೆಯೂ ಇಲ್ಲ, ಕಾರ್ಖಾನೆಯೂ ಇಲ್ಲ, ಕುರಿಗಳಿವೆ. ಅದರ ವರದಿಯಲ್ಲಿ ಯಾವಾಗಲೂ ‘ಅಳತೆಗೆ ಸಿಗದಷ್ಟು ಕಡಿಮೆ’ ಎಂದೇ ಇರುತ್ತದೆ. ಕಳೆಯುವ ಮೊದಲಿನ ಅಂಕಿ ನೋಡಿದೆ. ಸೊನ್ನೆ ಪಾಯಿಂಟ್ ಒಂದು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದೇ ದಿನ, ಅದೇ ಯಂತ್ರ, ಅದೇ ಕೊಳವೆ, ನಾನೇ ಯಂತ್ರಕ್ಕಿಟ್ಟ ಬಾಟಲಿ. ಖಾಲಿಯಲ್ಲಿ ಆರು ಪಾಯಿಂಟ್ ಒಂದು ಇರುವಾಗ ದ್ವೀಪದ ನೀರಿನಲ್ಲಿ ಸೊನ್ನೆ ಪಾಯಿಂಟ್ ಒಂದು. ದ್ವೀಪದ ಅಂಕಿಯಿಂದ ಖಾಲಿಯದನ್ನು ಕಳೆದರೆ ಮೈನಸ್ ಆರು. ಏನೂ ಇಲ್ಲದ್ದಕ್ಕಿಂತ ಆರು ಕಡಿಮೆ ವಿಷವಿರುವ ನೀರು ಭೂಮಿಯ ಮೇಲೆ ಎಲ್ಲೂ ಇಲ್ಲ. ಸೊನ್ನೆಗಿಂತ ಕೆಳಗಿನದು ಏನು ಬಂದರೂ ‘ಕಡಿಮೆ’ ಎಂದು ಬರೆಯುವಂತೆ ಕಂಪ್ಯೂಟರಿಗೆ ಹೇಳಿಕೊಡಲಾಗಿತ್ತು. ಅದು ಆರು ವರ್ಷ ವಿಧೇಯವಾಗಿ ಬರೆದಿತ್ತು, ನಾನು ವಿಧೇಯವಾಗಿ ಓದಿದ್ದೆ.

ಕೊಳವೆಯದಾಗಿದ್ದರೆ ದ್ವೀಪದ ನೀರಿಗೂ ಹತ್ತುತ್ತಿತ್ತು. ನನ್ನ ಸ್ವೆಟರಿನದಾಗಿದ್ದರೂ ಹತ್ತುತ್ತಿತ್ತು. ಹತ್ತಿಲ್ಲ. ವಿಷ ಇದ್ದದ್ದು ಖಾಲಿಯಲ್ಲಿ ಮಾತ್ರ.

ಖಾಲಿಯ ನೀರು ಬರುವುದು ಗೋಡೆಗೆ ನೇತುಹಾಕಿದ ಶುದ್ಧ ನೀರಿನ ಯಂತ್ರದಿಂದ. ಸ್ಟೂಲು ಹಾಕಿಕೊಂಡು ಹತ್ತಿ ಅದರ ಹಿಂಬದಿ ಮುಚ್ಚಳ ತೆಗೆದೆ. ಇದ್ದಿಲಿನ ಫಿಲ್ಟರಿನ ಮೇಲೆ, ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬ ಅಚ್ಚಿನ ಸಾಲಿನ ಕೆಳಗೆ, ಹಾಕಿದ ದಿನಾಂಕ ಇತ್ತು. ಆರು ವರ್ಷ ಹಿಂದಿನದು. ಪ್ರತಿ ವರ್ಷ ಬರುತ್ತಿದ್ದ ರಿಪೇರಿಯವನನ್ನು ನಮ್ಮ ವ್ಯವಸ್ಥಾಪಕ ಪ್ರೇಬೆನ್ ನಿಲ್ಲಿಸಿದ್ದ. ಯಂತ್ರದ ಮುಳ್ಳು ಹಸಿರಿನಲ್ಲೇ ಇದೆಯಲ್ಲ ಎಂದಿದ್ದ. ಆ ಮುಳ್ಳು ತೋರಿಸುವುದು ಉಪ್ಪಿನಂಶವನ್ನು. ಪಿಫಾಸನ್ನು ಹಿಡಿಯುವುದು ಇದ್ದಿಲು, ಅದು ಎಂದೋ ಹೊಟ್ಟೆ ತುಂಬಿ ಕೈಬಿಟ್ಟಿತ್ತು. ಯಂತ್ರದೊಳಕ್ಕೆ ನೀರು ಬರುವ ಕೊಳವೆಯನ್ನು ಬೆರಳಿನಲ್ಲಿ ಹಿಡಿದು ಗೋಡೆಯುದ್ದಕ್ಕೂ ಹೋದೆ. ಅದು ಕೈತೊಳೆಯುವ ನಲ್ಲಿಗೆ ಸೇರಿತು.

ಸ್ಕಾರ್ರೆಬೈ ಊರಿನ ನಲ್ಲಿ ನೀರಿನಿಂದ ನಾನು ಆರು ವರ್ಷ ಅದೇ ಊರಿನ ನಲ್ಲಿ ನೀರನ್ನೇ ಕಳೆದಿದ್ದೆ.

ಫಿಲ್ಟರಿನ ಫೋಟೋ ತೆಗೆದು ಮುಚ್ಚಳ ಹಾಕಿದೆ. ಆಮೇಲೂ ನನ್ನ ಬುದ್ಧಿ ನನ್ನನ್ನು ಬಿಡಲಿಲ್ಲ. ನೀನು ಏನೋ ತಪ್ಪು ತಿಳಿದಿದ್ದೀಯ, ಓದಿದವರಿಗೆ ಗೊತ್ತಿರದೆ ಇರುತ್ತದೆಯೇ ಎಂದಿತು. ಬುಧವಾರ, ಅಳೆಯುವ ಯಂತ್ರಕ್ಕೆಂದು ಹೊರಗಿನಿಂದ ತರಿಸಿದ ಗಾಜಿನ ಬಾಟಲಿಯ ಶುದ್ಧ ನೀರನ್ನೇ ‘ಖಾಲಿ’ಯ ಜಾಗದಲ್ಲಿಟ್ಟು ಯಂತ್ರ ಓಡಿಸಿದೆ. ಸೊನ್ನೆ. ಇನ್ನೊಮ್ಮೆ ಓಡಿಸಿದೆ. ಸೊನ್ನೆ. ಮೂರನೆಯ ಸಲ ಓಡಿಸುವಾಗ ಪ್ರಾರ್ಥನೆಯಂತೆ ಏನೋ ಮನಸ್ಸಿನಲ್ಲಿ ಓಡುತ್ತಿತ್ತು: ಏನಾದರೂ ಬರಲಿ, ನಾನು ತಪ್ಪಾಗಿರಲಿ. ಸೊನ್ನೆಯೇ ಬಂತು.

ಗುರುವಾರ ಬೆಳಿಗ್ಗೆ ಎಲ್ಲವನ್ನೂ ಕಾಗದದ ಮೇಲೆ ತೆಗೆದುಕೊಂಡು ಆಸ್ಗರನ ಮೇಜಿನ ಮುಂದೆ ನಿಂತೆ. ಅವನು ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟ್ ಸವರುತ್ತಿದ್ದ.

“ದ್ವೀಪದ ಬಾಟಲಿ ಅದಲುಬದಲಾಗಿರ್ಬೇಕು,” ಎಂದ.

“ಇಪ್ಪತ್ನಾಲ್ಕು ಸಲವೂ ಅದಲುಬದಲಾಗಿತ್ತಾ?”

“ಹಾಗಲ್ಲ ತೋವೆ. ನೀನು ಸುಮ್ಸುಮ್ನೆ ಗಾಬರಿ ಆಗೋಳು. ಹೋದ್ಸಲ ಫ್ರೀಜರ್ ಬಾಗಿಲು ಹಾಕಿದೀನೋ ಇಲ್ವೋ ಅಂತ ಮೂವತ್ತು ಕಿಲೋಮೀಟರ್ ವಾಪಸ್ ಬಂದಿದ್ದೆ.”

“ಬಂದಿದ್ದೆ. ಹಾಕಿತ್ತು. ಈಗ ಇದಕ್ಕೆ ಉತ್ತರ ಕೊಡು. ಖಾಲಿ ನೀರು ಎಲ್ಲಿಂದ ಬರುತ್ತೆ?”

“ಗೋಡೆ ಮೇಲಿನ ಯಂತ್ರದಿಂದ.”

“ಯಂತ್ರಕ್ಕೆ?”

“ನಲ್ಲಿಯಿಂದ.”

“ನಲ್ಲಿಗೆ?”

ಅವನು ಚಾಕು ಕೆಳಗಿಟ್ಟ. ನನ್ನ ಕಾಗದಗಳನ್ನು ಒಂದೊಂದಾಗಿ ತಿರುವಿದ. ಕಿವಿಯಿಂದ ಶುರುವಾಗಿ ಅವನ ಮುಖವೆಲ್ಲ ಕೆಂಪಾಯಿತು. ಅವನು ಕೆಟ್ಟವನಲ್ಲ. ಆದರೆ ಅವನು ಮೊದಲು ಆಡಿದ ಮಾತು ನೀರು ಕುಡಿದವರ ಬಗ್ಗೆ ಆಗಿರಲಿಲ್ಲ. “ಪ್ರೇಬೆನ್‌ಗೆ ಹೇಳ್ಬೇಕು,” ಎಂದ.

ಪ್ರೇಬೆನ್ ಎತ್ತರದ, ಹಸನ್ಮುಖಿ ಮನುಷ್ಯ. ನಮ್ಮಲ್ಲಿ ಮೇಲಿನವರನ್ನೂ ಹೆಸರು ಹಿಡಿದೇ ಕರೆಯುತ್ತೇವೆ. ಅದರಿಂದ ಅವರು ಮೇಲಿನಿಂದ ಕೆಳಗಿಳಿಯುವುದಿಲ್ಲ. ಅವನು ಎಲ್ಲವನ್ನೂ ಕೇಳಿದ. ಆಮೇಲೆ ಆಸ್ಗರನ ಕಡೆ ತಿರುಗಿ ನಕ್ಕ.

“ಹಾಗಾದ್ರೆ ನಾಳೆ ಕೇಕು ನಿಂದು.”

ಕೆಲಸದಲ್ಲಿ ಎಡವಿದವರು ಎಲ್ಲರಿಗೂ ಕೇಕು ತರಬೇಕು. ತಪ್ಪಿನ ಕೇಕು ಎಂದೇ ಅದಕ್ಕೆ ಹೆಸರು. ಬಾಟಲಿ ಒಡೆದರೆ ಕೇಕು, ತಪ್ಪು ವಿಳಾಸಕ್ಕೆ ಪತ್ರ ಕಳಿಸಿದರೆ ಕೇಕು. ತಿಂದು ನಕ್ಕು ಮರೆತುಬಿಡುವುದು. ನಾನೇ ಎಷ್ಟೋ ಸಲ ತಂದಿದ್ದೇನೆ; ತಪ್ಪು ನನ್ನದೋ ಅಲ್ಲವೋ ಗೊತ್ತಾಗದಾಗಲೂ ತಂದಿದ್ದೇನೆ. ಆದರೆ ಆ ಕ್ಷಣ ನನ್ನೊಳಗೆ ಎದ್ದದ್ದನ್ನು ಏನೆಂದು ಹೇಳಲಿ. ಐವತ್ತೆರಡು ವರ್ಷದಲ್ಲಿ ಅಂಥ ಸಿಟ್ಟು ನನಗೆ ಬಂದಿರಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡೆ.

“ಒಂಬತ್ತು ಸಾವಿರ ಜನ ಆ ನೀರು ಕುಡೀತಿದಾರೆ ಪ್ರೇಬೆನ್. ಅವರಿಗೆಲ್ಲ ಎಷ್ಟು ದೊಡ್ಡ ಕೇಕು ತರೋದು?”

ಅವನ ನಗು ನಿಂತಿತು. “ಕೂತ್ಕೋ ತೋವೆ. ಫಿಲ್ಟರ್ ಇವತ್ತೇ ಬದಲಾಯಿಸೋಣ. ಮುಂದಿನ ಮೂರು ತಿಂಗಳ ಅಳತೆ ಸರಿಯಾಗಿ ಬರುತ್ತೆ. ಏರಿದೆ ಅಂತ ಬರೀತೀವಿ, ನೀರಿನವರು ಬಾವಿ ಮುಚ್ತಾರೆ. ಮುಗೀತು.”

“ನಾಳೆ ಹೋಗೋ ವರದಿ?”

“ಅದು ಹಳೇ ಪದ್ಧತೀಲಿ ಆಗಿದೆ. ಒಂದು ಪಾಯಿಂಟ್ ಮೂರು. ಹೋಗ್ಲಿ.”

“ಅಂದ್ರೆ ಇನ್ನೂ ಮೂರು ತಿಂಗಳು ಕುಡೀಲಿ ಅಂತ.”

“ಆರು ವರ್ಷ ಕುಡಿದವರಿಗೆ ಮೂರು ತಿಂಗಳು ಏನ್ ಮಹಾ. ವಕೀಲರನ್ನ ಕೇಳದೆ ಹಳೇದನ್ನ ಕೆದಕೋ ಹಾಗಿಲ್ಲ. ಲ್ಯಾಬಿನ ಮಾನ್ಯತೆ ಹೋದ್ರೆ ಇಲ್ಲಿ ಹದಿನಾಲ್ಕು ಜನದ ಕೆಲಸ ಹೋಗುತ್ತೆ. ಯಾರ ಹತ್ರನೂ ಬಾಯಿ ಬಿಡ್ಬೇಡ.” ನಂತರ ಮೆತ್ತಗೆ, ಒಳ್ಳೆಯದನ್ನೇ ಬಯಸುವವನ ಹಾಗೆ ಸೇರಿಸಿದ: “ಇನ್ನೊಂದು ನೆನಪಿಟ್ಕೋ. ಇಪ್ಪತ್ನಾಲ್ಕು ವರದೀಲೂ ನಿನ್ನ ಅಕ್ಷರ ಇದೆ. ನಂದು ಒಂದರಲ್ಲೂ ಇಲ್ಲ.”

ಅವನು ಹೇಳಿದ್ದು ಸುಳ್ಳಲ್ಲ.

ನಾನು ಕೋಟು ತೆಗೆದುಕೊಂಡು ನೇರ ಸಿಸೆಲ್ ಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು ಬಂದಿತ್ತು, ಅಂಗಳದಲ್ಲಿ ಮಕ್ಕಳ ತಳ್ಳುಗಾಡಿಯೊಳಗೆ ಲಿವಾ ಮಲಗಿದ್ದಳು. ಸಿಸೆಲ್ ಬಾಗಿಲು ತೆಗೆದು ನನ್ನ ಕೈ ನೋಡಿದಳು.

“ಏನು, ಬರಿಗೈಲಿ ಬಂದಿದ್ದೀಯ? ಕೇಕಿಲ್ದೆ ಬಂದವಳೇ ಅಲ್ಲ ನೀನು.”

“ಕೇಕು ತರೋ ವಿಷಯ ಅಲ್ಲ ಕಣೇ. ಕೂತ್ಕೋ.”

ಹೇಳಿದೆ. ಖಾಲಿಯ ಬಗ್ಗೆ, ದ್ವೀಪದ ಬಗ್ಗೆ, ಇದ್ದಿಲಿನ ಬಗ್ಗೆ, ನಲ್ಲಿಯ ಬಗ್ಗೆ. ನಡುವೆ ಎರಡು ಮೂರು ಸಲ, ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ಏಳು ಪಾಯಿಂಟ್ ನಾಲ್ಕು,” ಎಂದಳು. “ಎರಡಕ್ಕಿಂತ ಜಾಸ್ತಿ ಇರಬಾರ್ದು. ಅಲ್ವಾ?”

“ಹೌದು.”

“ಒಂಬತ್ತು ತಿಂಗಳು ಹೊಟ್ಟೇಲಿ, ನಾಲ್ಕು ತಿಂಗಳು ಹಾಲಲ್ಲಿ. ವೈನ್ ಮುಟ್ಟಲಿಲ್ಲ ನಾನು. ಕಾಫಿ ಬಿಟ್ಟೆ. ದಿನಾ ಮೂರು ಲೀಟರ್ ನೀರು ಕುಡಿದೆ, ಒಳ್ಳೇದು ಅಂತ.” ಅವಳ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಈಗ ಹಾಲು ಬಿಡಿಸ್ಲಾ?”

“ಡಾಕ್ಟರನ್ನ ಕೇಳು. ನಂಗೆ ಗೊತ್ತಿಲ್ಲ ಸಿಸೆಲ್. ನಾನು ಬರೀ ಅಳೆಯೋಳು.”

“ನೀನೆಲ್ಲಿ ಅಳೆದೆ ಚಿಕ್ಕಮ್ಮ? ನೀನು ಕಳೆದೆ.”

ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಉದ್ದನೆಯ ಲೋಟ ತುಂಬಿ ನನ್ನ ಮುಂದೆ ತಂದಿಟ್ಟಳು. ನೀರು ತಿಳಿಯಾಗಿತ್ತು, ಲೋಟದ ಹೊರಗೆ ತಣ್ಣನೆಯ ಹನಿ ಕಟ್ಟಿತ್ತು. ಸ್ಕಾರ್ರೆಬೈ ನೀರು ರುಚಿ ಎಂದು ನಮ್ಮವರಿಗೆಲ್ಲ ಹೆಮ್ಮೆ.

“ಧಾರಾಳವಾಗಿ ಕುಡಿ,” ಎಂದಳು.

ನನ್ನದೇ ಮಾತು. ಲೋಟ ಎತ್ತಿದೆ. ಕುಡಿದರೆ ಅವಳ ಸಿಟ್ಟು ಒಂದಿಷ್ಟು ಇಳಿಯಬಹುದು ಅನ್ನಿಸಿತು, ಕುಡಿದದ್ದರಿಂದ ಒಂಬತ್ತು ಸಾವಿರ ಜನಕ್ಕೆ ಏನೂ ಆಗುವುದಿಲ್ಲ ಎಂದೂ ಅನ್ನಿಸಿತು. ಅರ್ಧ ಕುಡಿದೆ. ಅವಳು ಬಂದು ಲೋಟ ಕಿತ್ತುಕೊಂಡು ಉಳಿದದ್ದನ್ನು ಸಿಂಕಿಗೆ ಚೆಲ್ಲಿದಳು.

“ಇದರಿಂದ ಏನು ಬಂತು? ನೀನು ಕುಡಿದ್ರೆ ನಂಗೇನು? ಪಕ್ಕದ ಮನೆಯವಳಿಗೆ ಅವಳಿ ಜವಳಿ ಇದಾವೆ. ಅವಳಿಗೆ ಯಾವಾಗ ಗೊತ್ತಾಗುತ್ತೆ?”

“ಬಾಯಿ ಬಿಡ್ಬೇಡ ಅಂದಿದಾರೆ.”

“ಮತ್ತೆ ನಂಗ್ಯಾಕೆ ಹೇಳಿದೆ? ನಾನು ನಿನ್ನ ಅಕ್ಕನ ಮಗಳು ಅಂತಾನಾ?”

ಉತ್ತರ ಹೌದೇ ಆಗಿತ್ತು. ಹೊರಗೆ ಲಿವಾ ಎದ್ದು ಅಳತೊಡಗಿದಳು. ಸಿಸೆಲ್ ಅವಳನ್ನು ಎತ್ತಿಕೊಂಡು ಬಂದು, ಅಂಗಿಗೆ ಕೈ ಹಾಕಿ, ಅಲ್ಲೇ ನಿಲ್ಲಿಸಿದಳು. ಗುಂಡಿ ಬಿಚ್ಚಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಮಗು ಬಾಯಿ ತೆರೆದು ಹುಡುಕುತ್ತಿತ್ತು. ಆ ಕೈಯನ್ನು ನೋಡಿಕೊಂಡು ನಾನು ಹೊರಟು ಬಂದೆ.

ಶುಕ್ರವಾರ ಎಂಟೂವರೆಗೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದ್ದರು. ಆಸ್ಗರ್ ನಿಜವಾಗಿಯೂ ಕೇಕು ತಂದಿದ್ದ, ಚಾಕೊಲೇಟಿನದು, ಮೇಲೆ ತೆಂಗಿನ ತುರಿ. ಯಾಕೆಂದು ಉಳಿದವರಿಗೆ ಗೊತ್ತಿರಲಿಲ್ಲ. “ಏನ್ ಒಡೆದ್ಯೋ ಆಸ್ಗರ್?” ಎಂದು ಛೇಡಿಸುತ್ತಿದ್ದರು. ಅವನು ನಗಲು ಪ್ರಯತ್ನಿಸುತ್ತಿದ್ದ.

ನಾನು ಒಳಗೆ ಹೋಗಿ ನನ್ನ ಮೇಜಿನ ಮುಂದೆ ಕೂತೆ. ವರದಿ ಪರದೆಯ ಮೇಲೆ ಸಿದ್ಧವಾಗಿತ್ತು. ಒಂದು ಪಾಯಿಂಟ್ ಮೂರು. ಆಸ್ಗರನ ಅಕ್ಷರ ಬಿದ್ದಾಗಿತ್ತು, ನನ್ನ ಅಕ್ಷರದ ಜಾಗ ಖಾಲಿ ಇತ್ತು. ಅದನ್ನು ಹಾಗೆಯೇ ಬಿಟ್ಟು ಒಂದು ಸಾದಾ ಪತ್ರ ಬರೆದೆ. ನೀರು ಸರಬರಾಜಿನ ಅಧ್ಯಕ್ಷರಿಗೆ, ಪುರಸಭೆಗೆ, ಸಿಸೆಲ್ ರಕ್ತದ ಕಾಗದ ಕಳಿಸಿದ ಆಸ್ಪತ್ರೆಯವರಿಗೆ. ನಾಲ್ಕು ಸಲ ಬರೆದು ಅಳಿಸಿದೆ. ಕಾಗುಣಿತ ಎರಡು ಸಲ ನೋಡಿದೆ. ದಶಮಾಂಶದ ಚುಕ್ಕೆ ಸರಿಯಾದ ಜಾಗದಲ್ಲಿದೆಯೇ ಎಂದು ಬೆರಳಿಟ್ಟು ನೋಡಿದೆ. ಇಪ್ಪತ್ತನಾಲ್ಕು ತಾರೀಖು, ಪ್ರತಿಯೊಂದರ ಎದುರು ಕಳೆಯುವ ಮೊದಲಿನ ಅಂಕಿ. ಫಿಲ್ಟರಿನ ಫೋಟೋ. ಬುಧವಾರದ ಮೂರು ಸೊನ್ನೆಗಳು. ಕೊನೆಗೆ ಹೀಗೆ ಬರೆದೆ:

‘ಈ ಇಪ್ಪತ್ತನಾಲ್ಕು ವರದಿಗಳಲ್ಲಿ ಊರಿನ ನೀರಿನಲ್ಲಿದ್ದ ವಿಷವನ್ನು ಲ್ಯಾಬಿನದೆಂದು ತಿಳಿದು ಕಳೆದವಳು ನಾನು. ಖಾಲಿಯ ಅಂಕಿ ಏರುವುದನ್ನು ಆರು ವರ್ಷ ನೋಡಿಯೂ, ಆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಈ ತಿಂಗಳ ಅಂಕಿ ಏಳು ಪಾಯಿಂಟ್ ನಾಲ್ಕು. ಇದರಲ್ಲಿ ಏನನ್ನೂ ಕಳೆದಿಲ್ಲ.’

ಕೆಳಗೆ ಮೊದಲಕ್ಷರ ಹಾಕದೆ ಪೂರ್ತಿ ಹೆಸರು ಬರೆದೆ. ಕಳಿಸಿದೆ.

ಪ್ರೇಬೆನ್ ಬಾಗಿಲಲ್ಲಿ ನಿಂತು ಹಣಕಿದ, ಕೈಯಲ್ಲಿ ತಟ್ಟೆ. “ಬಾ ತೋವೆ, ನಿನ್ನ ಪಾಲು ಎತ್ತಿಟ್ಟಿದೀನಿ. ಬೇಜಾರು ಬಿಡು.”

“ಅಲ್ಲೇ ಇಡು,” ಎಂದೆ. “ಇನ್ನು ಹತ್ತು ನಿಮಿಷಕ್ಕೆ ನಿಂಗೇ ಬೇಕಾಗುತ್ತೆ.”

ಅವನು ಅರ್ಥವಾಗದೆ ನನ್ನನ್ನೂ ಪರದೆಯನ್ನೂ ನೋಡಿದ. ಹತ್ತು ನಿಮಿಷ ಬೇಕಾಗಲಿಲ್ಲ. ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು, ಸಣ್ಣ ಪರದೆಯಲ್ಲಿ ನೀರು ಸರಬರಾಜಿನ ಅಧ್ಯಕ್ಷರ ನಂಬರು. ಪ್ರೇಬೆನ್ ತಟ್ಟೆಯನ್ನು ಕೆಳಗಿಟ್ಟು ರಿಸೀವರಿಗೆ ಕೈ ಚಾಚಿದ. ನಾನು ಅದರ ಮೇಲೆ ಕೈಯಿಟ್ಟೆ.

“ನಂಗೆ ಬಂದಿರೋ ಫೋನು,” ಎಂದೆ.